ರಜೆ ಅರ್ಜಿಗೆ ಹಿಮ ಸಹಿ ಹಾಕುವುದಿಲ್ಲ

ಮಾರ್ಚಿ ತಿಂಗಳ ಹಿಮಾಲಯದ ಹಾದಿಗಳಿಗೆ ‘ಸುಲಭ’ ಎಂಬ ಚೀಟಿ ಅಂಟಿಸಿ ಮಾರುವುದು ನಿಲ್ಲಬೇಕು. ‘ಮೊದಲ ಸಲದವರಿಗೂ ಆಗುತ್ತದೆ’, ‘ಹಿಮ ಗ್ಯಾರಂಟಿ’, ‘ಐದು ರಾತ್ರಿ ಆರು ಹಗಲು, ಆರನೆಯ ದಿನ ಸಂಜೆ ಡೆಹ್ರಾಡೂನ್’. ಈ ಮೂರು ಮಾತುಗಳನ್ನು ಬಿಡಿಬಿಡಿಯಾಗಿ ಹೇಳಿದರೆ ಒಂದೊಂದೂ ನಿಜವಿದ್ದೀತು. ಮೂರನ್ನೂ ಒಂದೇ ಜಾಹೀರಾತಿನಲ್ಲಿ ಕೂರಿಸಿದರೆ ಅದು ಸುಳ್ಳಾಗುತ್ತದೆ. ಹಿಮ ಖಚಿತವಾಗಿ ಇರುವ ಕಡೆ ದಿನಾಂಕ ಖಚಿತವಾಗಿ ಇರಲಾರದು. ದಿನಾಂಕ ಮೂರು ತಿಂಗಳ ಮುಂಚೆಯೇ ಗೊತ್ತಾಗಿದ್ದರೆ, ಆ ದಿನ ಆ ಹಾದಿ ಸುಲಭವೋ ಅಲ್ಲವೋ ಎಂದು ಯಾರೂ ಹೇಳಲಾರರು.

ಈ ಸುಳ್ಳಿಗೆ ಬರೀ ಮಾರುವವರನ್ನು ದೂರಿ ಕೈತೊಳೆದುಕೊಳ್ಳುವಂತಿಲ್ಲ. ಕೊಳ್ಳುವವರು ಇದ್ದಾರೆಂದೇ ಅಂಗಡಿ ನಡೆಯುತ್ತಿದೆ. ಪುಣೆಯ ಹಿಂಜವಡಿ, ಹೈದರಾಬಾದಿನ ಗಚ್ಚಿಬೌಲಿ, ಚೆನ್ನೈನ ಓಎಂಆರ್, ಮುಂಬೈಯ ಪೊವಾಯಿ, ದೆಹಲಿಗೆ ಅಂಟಿದ ಗುರುಗ್ರಾಮ, ನೊಯ್ಡಾಗಳಿಂದ ವಸಂತದ ಮೊದಲ ವಾರಗಳಲ್ಲಿ ಹೊರಡುವ ಗುಂಪುಗಳಲ್ಲಿ ಕನ್ನಡ ಮಾತು ಕೇಳಿಸದ ಗುಂಪು ಕಡಿಮೆ. ಓದಿದವರು, ಸಾಫ್ಟ್‌ವೇರಿನಲ್ಲಿ ರಿಸ್ಕ್ ಎಂಬ ಪದವನ್ನು ದಿನಕ್ಕೆ ಹತ್ತು ಸಲ ಬಳಸುವವರು, ಒಂದು ಮಿಕ್ಸಿ ಕೊಳ್ಳುವ ಮುಂಚೆ ಇಪ್ಪತ್ತು ವಿಮರ್ಶೆ ಓದುವವರು. ಅವರು ಬೆಟ್ಟದ ವಿಷಯಕ್ಕೆ ಬಂದಾಗ ಕೇಳುವುದು ಎರಡೇ ಪ್ರಶ್ನೆ: ಹಿಮ ಸಿಗುತ್ತದೆಯೇ? ಶಿಖರ ಮುಟ್ಟಿಸುತ್ತೀರಾ?

ಕೇಳಬೇಕಾದ ಪ್ರಶ್ನೆ ಬೇರೆ. ಯಾವ ಹೊತ್ತಿನ ಹಿಮ?

ಒಂದೇ ಹೆಸರು, ಹಲವು ವಸ್ತು

ಕನ್ನಡದಲ್ಲಿ ಮಂಜು ಎಂದರೆ ಮಡಿಕೇರಿಯ ಬೆಳಗಿನ ಮುಸುಕೂ ಹೌದು, ಫ್ರಿಜ್ಜಿನ ಗಡ್ಡೆಯೂ ಹೌದು. ಹಿಮ ಬೀಳದ ನಾಡಿನ ಭಾಷೆಗೆ ಅಷ್ಟು ಸಾಕು. ಆದರೆ ಆ ಒಂದೇ ಪದವನ್ನು ಗಂಟು ಕಟ್ಟಿಕೊಂಡು ಹತ್ತು ಸಾವಿರ ಅಡಿ ಏರಿದವರಿಗೆ ಕಾಲ ಕೆಳಗಿನದು ಒಂದೇ ವಸ್ತುವಲ್ಲ ಎಂಬುದು ತಡವಾಗಿ ತಿಳಿಯುತ್ತದೆ.

ಜನವರಿಯ ಹಿಮಕ್ಕೆ ಚಳಿ ಒಂದೇ ಯಜಮಾನ. ಮಾರ್ಚಿಯ ಹಿಮಕ್ಕೆ ಇಬ್ಬರು. ಹಗಲು ಸೂರ್ಯ ಅದನ್ನು ಕರಗಿಸುತ್ತಾನೆ, ಇರುಳು ಚಳಿ ಮತ್ತೆ ಹೆಪ್ಪುಗಟ್ಟಿಸುತ್ತದೆ. ಈ ಕರಗು-ಹೆಪ್ಪು ದಿನದಿನವೂ ನಡೆದು, ಒಂದೇ ಇಳಿಜಾರು ಹನ್ನೆರಡು ಗಂಟೆಗಳಲ್ಲಿ ನಾಲ್ಕು ವೇಷ ಹಾಕುತ್ತದೆ. ಬೆಳಗಿನ ಜಾವ ಐದಕ್ಕೆ ಅದು ಸಿಮೆಂಟು. ಸಾಮಾನ್ಯ ಟ್ರೆಕ್ಕಿಂಗ್ ಶೂ ಅದರ ಮೇಲೆ ಕಚ್ಚುವುದಿಲ್ಲ. ಮೈಕ್ರೋಸ್ಪೈಕ್ ಬೇಕು, ಇಳಿಜಾರು ಕಡಿದಾದರೆ ಕ್ರಾಂಪಾನ್ ಮತ್ತು ಐಸ್ ಆಕ್ಸ್ ಬೇಕು, ಅವನ್ನು ಬಳಸಲು ಬರಬೇಕು. ಬಿಸಿಲು ಬಿದ್ದ ಮೇಲೆ ಮೇಲ್ಪದರ ಒಂದಂಗುಲ ಮೆತ್ತಗಾಗುತ್ತದೆ. ನಡೆಯಲು ಅದೇ ಒಳ್ಳೆಯ ಹೊತ್ತು, ಬಹಳ ಹೊತ್ತು ಇರುವುದಿಲ್ಲ. ಮಧ್ಯಾಹ್ನ ತಿರುಗುವ ಹೊತ್ತಿಗೆ ಕಾಲು ಮೊಣಕಾಲಿನವರೆಗೆ, ಕೆಲವೆಡೆ ತೊಡೆಯವರೆಗೆ ಹೂತು ಹೋಗುತ್ತದೆ. ಒಂದು ಗಂಟೆಯ ದಾರಿ ಎರಡೂವರೆಯಾಗುತ್ತದೆ, ಶೂ ಒಳಗೆ ನೀರು ಸೇರುತ್ತದೆ. ಅದೇ ಹೊತ್ತಿನಲ್ಲಿ, ಕಣ್ಣಿಗೆ ಕಾಣದಂತೆ, ಕರಗಿದ ನೀರು ಪದರಗಳ ನಡುವೆ ಇಳಿದು ಹಿಡಿತ ಸಡಿಲಿಸುತ್ತದೆ. ಒದ್ದೆ ಹಿಮದ ಕುಸಿತಗಳು ಹೆಚ್ಚಾಗಿ ಆಗುವುದು ಬಿಸಿಲೇರಿದ ಮೇಲೆಯೇ. ಸಂಜೆ ನೆರಳು ಬಿದ್ದೊಡನೆ ಮಧ್ಯಾಹ್ನದ ಕೆಸರಿನ ಹೆಜ್ಜೆಗುಳಿಗಳೆಲ್ಲ ಗಾಜಿನ ಬಟ್ಟಲುಗಳಾಗುತ್ತವೆ. ದಣಿದ ಕಾಲುಗಳು ಇಳಿಯುವುದು ಅವುಗಳ ಮೇಲೆ.

ಇದಕ್ಕೆ ದಿಕ್ಕನ್ನೂ ಸೇರಿಸಬೇಕು. ಪೂರ್ವಕ್ಕೆ ಮುಖ ಮಾಡಿದ ಇಳಿಜಾರಿಗೆ ಬೆಳಗ್ಗೆಯೇ ಬಿಸಿಲು, ದಕ್ಷಿಣದ್ದಕ್ಕೆ ದಿನವಿಡೀ, ಪಶ್ಚಿಮದ್ದಕ್ಕೆ ಮಧ್ಯಾಹ್ನ. ಉತ್ತರದ್ದು ಏಪ್ರಿಲ್‌ನಲ್ಲೂ ಜನವರಿಯಲ್ಲೇ ಇರುತ್ತದೆ. ಏಣೊಂದನ್ನು ಸುತ್ತಿ ಹೋಗುವ ಹಾದಿ ಅರ್ಧ ಗಂಟೆಯಲ್ಲಿ ಚಾರಣಿಗನನ್ನು ಒಣಹುಲ್ಲಿನಿಂದ ಕೆಸರಿಗೆ, ಕೆಸರಿನಿಂದ ಕಲ್ಲಿನಂಥ ಮಂಜುಗಡ್ಡೆಗೆ ದಾಟಿಸುತ್ತದೆ. ‘ಮೇಲೆ ಎಷ್ಟು ಹಿಮ ಇದೆ?’ ಎಂದು ವಾಟ್ಸ್ಯಾಪಿನಲ್ಲಿ ಕೇಳಿ ‘ಎರಡು ಅಡಿ’ ಎಂಬ ಉತ್ತರ ಪಡೆದವರಿಗೆ ಇದರಲ್ಲಿ ಯಾವುದೂ ತಿಳಿದಿರುವುದಿಲ್ಲ.

ಹೊಸ ಹಿಮ ಬಿದ್ದರಂತೂ ಲೆಕ್ಕವೇ ಬೇರೆ. ಪಶ್ಚಿಮ ಹಿಮಾಲಯಕ್ಕೆ ಚಳಿಗಾಲದ ಹಿಮ ತರುವುದು ಮೆಡಿಟರೇನಿಯನ್ ಕಡೆಯಿಂದ ಸಾಗಿಬರುವ ಮಾರುತ ವ್ಯವಸ್ಥೆಗಳು. ಹವಾಮಾನ ಇಲಾಖೆ ಇವನ್ನು ವೆಸ್ಟರ್ನ್ ಡಿಸ್ಟರ್ಬನ್ಸ್ ಎನ್ನುತ್ತದೆ. ಕ್ಯಾಲೆಂಡರಿನಲ್ಲಿ ವಸಂತ ಬಂದಿತೆಂದು ಅವು ಬರುವುದನ್ನು ನಿಲ್ಲಿಸುವುದಿಲ್ಲ. ಫೆಬ್ರುವರಿ, ಮಾರ್ಚಿಗಳಲ್ಲಿ ಅವು ಜೋರಾಗಿಯೇ ಸುರಿಯುತ್ತವೆ, ಏಪ್ರಿಲ್‌ನಲ್ಲೂ ಒಮ್ಮೊಮ್ಮೆ ಬರುತ್ತವೆ. ಹಳೆಯ ಗಟ್ಟಿ ಪದರದ ಮೇಲೆ ಒಂದು ಇರುಳಿನಲ್ಲಿ ಬಿದ್ದ ಒಂದೂವರೆ ಅಡಿ ಹೊಸ ಹಿಮ ಅದಕ್ಕೆ ಕೂಡಲೇ ಅಂಟಿಕೊಳ್ಳುವುದಿಲ್ಲ, ಟೈಲ್ಸಿನ ಮೇಲೆ ಹಾಸಿದ ಕಂಬಳಿಯಂತೆ ಕೂತಿರುತ್ತದೆ. ಹಲಗೆಯಂತೆ ಜಾರುವ ಹಿಮಕುಸಿತಗಳು ಬಹುಪಾಲು ಆಗುವುದು 30ರಿಂದ 45 ಡಿಗ್ರಿ ಇಳಿಜಾರುಗಳಲ್ಲಿ. ಅಂದರೆ ನಡೆಯಲು ಕಷ್ಟವಾದರೂ ಅಸಾಧ್ಯವಲ್ಲದ, ಫೋಟೋದಲ್ಲಿ ಬಹಳ ಚೆನ್ನಾಗಿ ಕಾಣುವ ಇಳಿಜಾರುಗಳಲ್ಲಿ. ಅದನ್ನು ಕೆಡವಲು ಒಬ್ಬ ಮನುಷ್ಯನ ಭಾರ ಸಾಕಾಗುವುದುಂಟು. ಹಿಮ ಸುರಿದು ನಿಂತ ಮರುದಿನ ಆಕಾಶ ನೀಲಿಯಾಗಿರುತ್ತದೆ, ಬೆಟ್ಟ ಹೊಸ ಪಂಚೆ ಉಟ್ಟಂತೆ ಹೊಳೆಯುತ್ತದೆ. ಎರಡು ದಿನ ಟೆಂಟಿನಲ್ಲಿ ಕೂತು ಬೇಸತ್ತವರೆಲ್ಲ ಹೊರಡುವುದು ಆ ದಿನವೇ. ವರ್ಷದಲ್ಲಿ ಹೊರಡಬಾರದ ದಿನವೂ ಅದೇ.

ತೊರೆಗಳ ವಿಷಯ ಇನ್ನೊಂದು. ಮೇಲಿನಿಂದ ನೋಡಿದರೆ ಬಿಳಿ ಬಯಲು. ಕೆಳಗೆ ನೀರು ಹರಿಯುತ್ತಾ ಹಿಮವನ್ನು ಒಳಗಿನಿಂದ ಕೊರೆಯುತ್ತಿರುತ್ತದೆ. ಬೆಳಗ್ಗೆ ಇಪ್ಪತ್ತು ಜನರನ್ನು ಹೊತ್ತ ಹಿಮದ ಸೇತುವೆ ಮಧ್ಯಾಹ್ನ ಇಪ್ಪತ್ತೊಂದನೆಯವರನ್ನು ಹೊರುತ್ತದೆಂಬ ಭರವಸೆ ಇಲ್ಲ. ಏಣಿನ ತುದಿಯಲ್ಲಿ ಗಾಳಿ ಕಟ್ಟಿದ ಹಿಮದ ಸಜ್ಜಾ ಕೂಡ ಹಾಗೆಯೇ. ಸೆಲ್ಫಿಗೆ ನಿಂತವರು ತಾವು ನೆಲದ ಮೇಲಿದ್ದೇವೆ ಎಂದುಕೊಂಡಿರುತ್ತಾರೆ, ಕೆಳಗೆ ಇರುವುದು ಗಾಳಿ.

ಇಷ್ಟೆಲ್ಲ ಇರುವ ಹಾದಿಗೆ ‘ಸುಲಭ’ ಎನ್ನುವುದು ಹೊಳೆಗೆ ‘ಆಳವಿಲ್ಲ’ ಎಂದು ವರ್ಷವಿಡೀ ಒಂದೇ ಬೋರ್ಡು ನೆಟ್ಟಂತೆ. ಬೇಸಿಗೆಯಲ್ಲಿ ನೆಟ್ಟವನು ಸತ್ಯವನ್ನೇ ಬರೆದಿದ್ದ. ಆಷಾಢದಲ್ಲಿ ಅದನ್ನು ಓದಿ ಇಳಿದವನು ಏನಾದ?

ಮೂರು ದಿನಾಂಕಗಳು

2023ರ ಏಪ್ರಿಲ್ 4. ಸಿಕ್ಕಿಂನ ಗ್ಯಾಂಗ್‌ಟಕ್‌ನಿಂದ ನಾಥೂಲಾಕ್ಕೆ ಹೋಗುವ ಜವಾಹರಲಾಲ್ ನೆಹರೂ ರಸ್ತೆಯ 15ನೇ ಮೈಲಿಯ ಬಳಿ ಮಧ್ಯಾಹ್ನದ ಹೊತ್ತಿಗೆ ಹಿಮ ಕುಸಿದು ಏಳು ಪ್ರವಾಸಿಗರು ಸತ್ತರು. ಅವರು ಪರ್ವತಾರೋಹಿಗಳಲ್ಲ, ಚಾರಣಿಗರೂ ಅಲ್ಲ. ಹಿಮದಲ್ಲಿ ಸ್ವಲ್ಪ ಹೊತ್ತು ಆಡಲು ಹೋದವರು. ಆ ದಿನ ಅನುಮತಿ ಇದ್ದದ್ದು 13ನೇ ಮೈಲಿಯವರೆಗೆ ಮಾತ್ರ ಎಂದು ಅಲ್ಲಿನ ಪೊಲೀಸರು ಆಮೇಲೆ ಹೇಳಿದರು. ಆ ಎರಡು ಮೈಲಿಯಲ್ಲಿ ಈ ಇಡೀ ಚರ್ಚೆ ಅಡಗಿದೆ. ಗೆರೆ ಇತ್ತು, ಎಳೆದವರಿಗೆ ಕಾರಣವೂ ಇತ್ತು. ‘ಇನ್ನು ಸ್ವಲ್ಪ ಮುಂದೆ ಹೋದರೆ ಹಿಮ ಚೆನ್ನಾಗಿದೆ’ ಎಂಬ ಆಸೆ ಆ ಗೆರೆಯನ್ನು ದಾಟಿಸಿತು.

2025ರ ಫೆಬ್ರುವರಿ 28. ಬದರೀನಾಥದ ಬಳಿಯ ಮಾಣಾದಲ್ಲಿ ಬೆಳಗಿನ ಜಾವ ಹಿಮ ಕುಸಿದು ಗಡಿ ರಸ್ತೆ ಸಂಸ್ಥೆಯ ಕೆಲಸದಲ್ಲಿದ್ದ 54 ಕಾರ್ಮಿಕರು ಸಿಕ್ಕಿಬಿದ್ದರು, ಎಂಟು ಮಂದಿ ಸತ್ತರು. ಹಿಂದಿನ ಸಂಜೆಯೇ ಚಮೋಲಿ ಸೇರಿದಂತೆ ಉತ್ತರಾಖಂಡದ ಎತ್ತರದ ಜಿಲ್ಲೆಗಳಿಗೆ ಹಿಮಕುಸಿತದ ಎಚ್ಚರಿಕೆ ಹೊರಟಿತ್ತು. ಅದನ್ನು ಹೊರಡಿಸಿದ್ದು ಚಂಡೀಗಢದಲ್ಲಿರುವ, ಡಿಆರ್‌ಡಿಒಗೆ ಸೇರಿದ ಡಿಜಿಆರ್‌ಇ ಎಂಬ ಸಂಸ್ಥೆ. ಮಾಣಾದ ಆ ಕಾರ್ಮಿಕರಿಗೆ ಎದ್ದು ಊರಿಗೆ ಹೊರಡುವ ಸ್ವಾತಂತ್ರ್ಯ ಇರಲಿಲ್ಲ, ಕೂಲಿಗೆಂದು ಹೋದವರು. ಹಣ ಕೊಟ್ಟು ಹಿಮಕ್ಕೆ ಹೋಗುವವರಿಗೆ ಆ ಸ್ವಾತಂತ್ರ್ಯ ಇದೆ. ಇದ್ದೂ ಬಳಸುವುದಿಲ್ಲ.

2024ರ ಜೂನ್ ಮೊದಲ ವಾರ. ಇದು ವಸಂತವಲ್ಲ, ಬೇಸಿಗೆ. ಆದರೂ ಕನ್ನಡಿಗರು ಬೆಟ್ಟದ ಹವೆಯ ಬಗ್ಗೆ ಮಾತಾಡುವಾಗ ಇದನ್ನು ಬಿಟ್ಟು ಮಾತಾಡಲಾಗದು. ಉತ್ತರಕಾಶಿಯ ಸಹಸ್ರತಾಲ್ ಚಾರಣಕ್ಕೆ ಬೆಂಗಳೂರಿನಿಂದ ಹೋಗಿದ್ದ ತಂಡ, ಗೈಡುಗಳೂ ಸೇರಿ 22 ಮಂದಿ, ಹಿಂದಿರುಗುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಜನ ಚಳಿಗೆ ಪ್ರಾಣ ಬಿಟ್ಟರು. ವಾಯುಪಡೆಯ ಹೆಲಿಕಾಪ್ಟರುಗಳು ಹೋದವು, ಕರ್ನಾಟಕ ಸರ್ಕಾರದ ಸಚಿವರು ಡೆಹ್ರಾಡೂನಿಗೆ ಹೋಗಿ ನಿಂತರು. ಸತ್ತವರನ್ನು, ಉಳಿದು ಬಂದವರನ್ನು ಕುಳಿತಲ್ಲಿಂದ ತೂಗಿನೋಡುವುದು ಹೊಣೆಗೇಡಿತನ. ಆ ಘಟನೆ ಕಲಿಸುವುದು ಒಂದನ್ನೇ: 4,000 ಮೀಟರಿನ ಮೇಲೆ ಜೂನ್ ತಿಂಗಳೂ ಒಂದು ಮಧ್ಯಾಹ್ನದಲ್ಲಿ ಜನವರಿಯಾಗಬಲ್ಲದು. ಜೂನೇ ಹೀಗಾದರೆ, ಎರಡು ಋತುಗಳ ಗಡಿಯಲ್ಲಿ ನಿಂತ ಮಾರ್ಚಿಯ ಮಾತೇನು?

ಚಳಿ ಕೊಲ್ಲುವ ಬಗೆಯನ್ನೂ ತಿಳಿಯಬೇಕು. ಮೊದಲು ಬರುವುದು ಮಳೆ ಅಥವಾ ನೀರಾದ ಹಿಮ, ಆಮೇಲೆ ಗಾಳಿ. ಒದ್ದೆಯಾದ ಹತ್ತಿ ಬಟ್ಟೆ, ಒದ್ದೆ ಜಾಕೆಟ್ಟು ಮೈಬಿಸಿಯನ್ನು ಹೀರಿಬಿಡುತ್ತವೆ. ದೇಹದೊಳಗಿನ ಬಿಸಿ 35 ಡಿಗ್ರಿಗಿಂತ ಇಳಿದರೆ ಕೈಕಾಲಿನ ಜೊತೆಗೆ ಬುದ್ಧಿಯೂ ತಡವರಿಸುತ್ತದೆ. ಮಾತು ತೊದಲುತ್ತದೆ, ಹೆಜ್ಜೆ ಎಡವುತ್ತದೆ. ಕೇಳಿದರೆ ‘ನನಗೇನೂ ಆಗಿಲ್ಲ, ನಡೀರಿ’ ಎನ್ನುತ್ತಾರೆ. ಹಾಗಾಗಿ ತಿರುಗಿ ಹೋಗುವ ತೀರ್ಮಾನವನ್ನು ಆಗ ಮಾಡುತ್ತೇನೆ ಎನ್ನುವುದು ನಡೆಯದ ಮಾತು. ಬುದ್ಧಿ ನೆಟ್ಟಗಿರುವಾಗಲೇ, ಬೆಳಗ್ಗೆ ಟೆಂಟಿನಲ್ಲೇ ಅದು ಆಗಿರಬೇಕು.

ಸಹ್ಯಾದ್ರಿಯ ಕಾಲು

‘ನಾವೇನು ಹೊಸಬರೇ? ಪ್ರತಿ ಮಳೆಗಾಲ ಬೆಟ್ಟ ಹತ್ತುತ್ತೇವೆ’ ಎನ್ನುವವರು ಮುಂಬೈ, ಪುಣೆಗಳಲ್ಲಿ ಬಹಳ. ಹರಿಶ್ಚಂದ್ರಗಡ, ರಾಜಮಾಚಿ, ಕಳಸೂಬಾಯಿ ಮಾಡಿದವರು, ಊರಿಗೆ ಹೋದಾಗ ಕುಮಾರಪರ್ವತ ಹತ್ತಿದವರು. ಅವರ ಕಾಲಿನ ಕಸುವಿನ ಬಗ್ಗೆ ಅನುಮಾನವಿಲ್ಲ. ಅನುಮಾನ ಇರುವುದು ಆ ಕಾಲು ಕಲಿತ ಪಾಠದ ಬಗ್ಗೆ.

ಮೊದಲನೆಯದು ಎತ್ತರ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೂ 2,000 ಮೀಟರ್ ಮುಟ್ಟುವುದಿಲ್ಲ, ಮಹಾರಾಷ್ಟ್ರದ ಕಳಸೂಬಾಯಿ 1,646 ಮೀಟರ್. ಗಾಳಿ ತೆಳುವಾಗಿ ತಲೆನೋವು, ವಾಂತಿ ಶುರುವಾಗುವುದು ಸಾಮಾನ್ಯವಾಗಿ 2,500 ಮೀಟರಿನ ಮೇಲೆ. ಪಶ್ಚಿಮಘಟ್ಟದಲ್ಲಿ ನೂರು ಸಲ ಹತ್ತಿದರೂ ಆ ಪರೀಕ್ಷೆಗೆ ಒಮ್ಮೆಯೂ ಕೂತಂತಾಗುವುದಿಲ್ಲ.

ಎರಡನೆಯದು ಗಡಿಯಾರ. ಘಟ್ಟದಲ್ಲಿ ಶತ್ರು ಎಂದರೆ ನಡುಹಗಲ ಬಿಸಿಲು. ಮಧ್ಯಾಹ್ನ ನೆರಳಲ್ಲಿ ಕೂತು, ಬುತ್ತಿ ಬಿಚ್ಚಿ, ಹೊತ್ತು ಇಳಿದ ಮೇಲೆ ನಡೆಯುವುದು ಜಾಣತನ. ಮಾರ್ಚಿಯ ಹಿಮದಲ್ಲಿ ಅದೇ ಅಭ್ಯಾಸ ಕುತ್ತು ತರುತ್ತದೆ. ಅಲ್ಲಿ ಕತ್ತಲಲ್ಲಿ ಹೊರಟು ಮಧ್ಯಾಹ್ನದೊಳಗೆ ಕೆಳಗಿರಬೇಕು.

ಮೂರನೆಯದು ಜಾರುವುದು. ಘಟ್ಟದಲ್ಲಿ ಜಾರಿದರೆ ಮಂಡಿ ತರಚುತ್ತದೆ, ಗಿಡದ ಬುಡ ಸಿಗುತ್ತದೆ. ಗಟ್ಟಿ ಹಿಮದ ಮೇಲೆ ಜಾರಿದವರಿಗೆ ಹಿಡಿಯಲು ಏನೂ ಸಿಗುವುದಿಲ್ಲ, ವೇಗ ಕ್ಷಣಕ್ಷಣಕ್ಕೂ ಏರುತ್ತದೆ. ನಿಲ್ಲುವುದು ಬಂಡೆಯೋ ಕಣಿವೆಯೋ ಎದುರಾದಾಗ.

ನಾಲ್ಕನೆಯದು ದಾರಿ. ಕುಕ್ಕೆಯಿಂದ ಹತ್ತಿದ ಹಾದಿ ಇಳಿಯುವಾಗಲೂ ಅಲ್ಲೇ ಇರುತ್ತದೆ. ಹಿಮದಲ್ಲಿ ಬೆಳಗ್ಗೆ ಬಂದ ಹಾದಿ ಸಂಜೆಗೆ ಇಲ್ಲದಿರಬಹುದು. ಹೆಜ್ಜೆಗುರುತು ಇದೆ ಎನ್ನುವುದು ದಾರಿ ಸುರಕ್ಷಿತ ಎನ್ನುವುದಕ್ಕೆ ಸಾಕ್ಷಿಯಲ್ಲ. ನಿನ್ನೆ ಯಾರೋ ಹೋಗಿದ್ದರು ಎನ್ನುವುದಕ್ಕೆ ಮಾತ್ರ ಸಾಕ್ಷಿ.

ದೆಹಲಿಯವರ ಕಥೆ ತುಸು ಬೇರೆ. ಅವರಿಗೆ ಹಿಮಾಲಯ ಒಂದು ರಾತ್ರಿಯ ಬಸ್ಸಿನ ದೂರ. ಶುಕ್ರವಾರ ಕಚೇರಿ ಮುಗಿಸಿ ಬಸ್ಸು ಹತ್ತಿ, ಶನಿವಾರ ಚೋಪ್ತಾ ತಲುಪಿ, ಭಾನುವಾರ ಬೆಳಗ್ಗೆ 3,680 ಮೀಟರಿನ ತುಂಗನಾಥ ದಾಟಿ ಚಂದ್ರಶಿಲಾ ಮುಟ್ಟಿ, ಸೋಮವಾರ ಬೆಳಗ್ಗೆ ಲ್ಯಾಪ್‌ಟಾಪ್ ತೆರೆಯುವ ಯೋಜನೆ ಕಾಗದದ ಮೇಲೆ ಚೆಂದವಾಗಿ ಕಾಣುತ್ತದೆ. ದೇಹ ಎತ್ತರಕ್ಕೆ ಒಗ್ಗಿಕೊಳ್ಳಲು ಅದರಲ್ಲಿ ಒಂದು ದಿನವೂ ಇಲ್ಲ. ಹಿಮ ಬಿದ್ದರೆ ಕಾಯಲು ಒಂದು ಗಂಟೆಯೂ ಇಲ್ಲ.

ತೀರ್ಮಾನ ಮಾಡುವವರು ಯಾರು?

ಮಾರ್ಚಿಯಲ್ಲಿ ಹೊರಡುವವರಿಗೆ ಮಾರ್ಚಿಯೇ ಯಾಕೆ? ವರ್ಷದ ಲೆಕ್ಕ ಮುಗಿಯುವ ಮುನ್ನ ಉಳಿದ ರಜೆ ತೀರಿಸಬೇಕು. ಹೋಳಿಯೋ ಯುಗಾದಿಯೋ ವಾರಾಂತ್ಯಕ್ಕೆ ಅಂಟಿಕೊಂಡು ಬಂದಿರುತ್ತದೆ. ಮಕ್ಕಳ ಪರೀಕ್ಷೆ ಮುಗಿದಿರುತ್ತದೆ. ವಿಮಾನದ ಟಿಕೆಟ್ಟು ಅಗ್ಗವಾಗಿದ್ದಾಗ ಕೊಂಡದ್ದು, ಬದಲಾಯಿಸಿದರೆ ಹಣ ವಾಪಸ್ಸಿಲ್ಲ. ಇವೆಲ್ಲ ನಗರದ ಕಾರಣಗಳು, ಒಂದೂ ಬೆಟ್ಟದ್ದಲ್ಲ. ಹೀಗೆ ಶಿಖರದ ದಿನ ಗೊತ್ತಾಗುವುದು ಹೈದರಾಬಾದಿನ ಯಾವುದೋ ಕಚೇರಿಯ ರಜೆ ಅರ್ಜಿಯಲ್ಲಿ.

ಮಾರುವ ಕಡೆಯೂ ಅಷ್ಟೇ ಬಿಗಿ. ಜನಪ್ರಿಯ ಹಾದಿಗಳಲ್ಲಿ ತಂಡದ ಹಿಂದೆ ತಂಡ ಹೊರಡುತ್ತದೆ. ಇಂದು ಮೇಲಿನ ಕ್ಯಾಂಪಿನಲ್ಲಿ ಮಲಗಿದವರ ಟೆಂಟು ನಾಳೆ ಬರುವವರಿಗೆ ಬೇಕು. ಮಲಗುವ ಚೀಲ, ಅಡುಗೆಯ ಗ್ಯಾಸು, ಹೇಸರಗತ್ತೆ, ವಾಪಸ್ಸು ಜೀಪು ಎಲ್ಲವೂ ಸರಪಳಿಯ ಕೊಂಡಿಗಳು. ಒಂದು ತಂಡ ‘ಇವತ್ತು ಬೇಡ, ನಾಳೆ ನೋಡೋಣ’ ಎಂದರೆ ಹಿಂದಿನ ನಾಲ್ಕು ತಂಡಗಳ ವೇಳಾಪಟ್ಟಿ ಮುರಿಯುತ್ತದೆ. ಆದ್ದರಿಂದ ಕಾಯುವ ಆಯ್ಕೆ ಇರುವುದೇ ಇಲ್ಲ. ಉಳಿದದ್ದು ಎರಡು: ಹೋಗುವುದು, ಅಥವಾ ಶಿಖರ ಕಾಣದೆ ಇಳಿಯುವುದು. ಎರಡನೆಯದನ್ನು ಆರಿಸಿದರೆ ಅದರ ಬೆಲೆ ಕೊಡುವವರು ಯಾರು ಎಂಬಲ್ಲಿ ಇಡೀ ವಿಷಯ ನಿಂತಿದೆ.

ಈಗ ಆ ಬೆಲೆ ಕೊಡುತ್ತಿರುವುದು ಗೈಡು. ಸಾಂಕ್ರಿಯೋ ಲೋಹಾಜಂಗೋ ಕಡೆಯ ಹಳ್ಳಿಯ ಹುಡುಗ. ಆ ಇಳಿಜಾರನ್ನು ಕುರಿ ಕಾಯುವ ವಯಸ್ಸಿನಿಂದ ನೋಡಿದವನು. ಬೆಳಗ್ಗೆ ನಾಲ್ಕಕ್ಕೆ ಹೊರಗೆ ಬಂದು ಗಾಳಿ ಮೂಸಿ ‘ಇವತ್ತು ಬೇಡ’ ಎಂದು ಅವನಿಗೆ ಅನ್ನಿಸುತ್ತದೆ. ಅನ್ನಿಸಿದ್ದನ್ನು ಹೇಳಿದರೆ ಇಪ್ಪತ್ತು ಮುಖಗಳು ಬಾಡುತ್ತವೆ. ‘ಇಷ್ಟು ದೂರ ಬಂದಿದ್ದೇವೆ, ಇಷ್ಟು ದುಡ್ಡು ಕೊಟ್ಟಿದ್ದೇವೆ’ ಎಂಬ ಮಾತು ಬರುತ್ತದೆ. ಊರಿಗೆ ಹೋದ ಮೇಲೆ ಒಬ್ಬರು ‘ಗೈಡಿಗೆ ಧೈರ್ಯವಿಲ್ಲ, ಶಿಖರ ಮುಟ್ಟಿಸಲಿಲ್ಲ’ ಎಂದು ಒಂದೇ ನಕ್ಷತ್ರ ಕೊಡುತ್ತಾರೆ. ಮುಂದಿನ ಋತುವಿನಲ್ಲಿ ಅವನಿಗೆ ಕೆಲಸ ಸಿಗುವುದು ಆ ನಕ್ಷತ್ರಗಳ ಮೇಲೆ. ಹವೆ ಕೆಟ್ಟರೆ ಅವನ ಜೊತೆ ಅಡುಗೆಯವನು, ಹೊರೆಯಾಳು, ಹೇಸರಗತ್ತೆಯವನು ಇವರೂ ಸಿಕ್ಕಿಬೀಳುತ್ತಾರೆ. ಅವರಲ್ಲಿ ಹಲವರ ಕಾಲಲ್ಲಿ ಗ್ರಾಹಕರ ಕಾಲಲ್ಲಿರುವಂಥ ಶೂ ಕೂಡ ಇರುವುದಿಲ್ಲ. ‘ನನ್ನ ಜೀವ, ನನ್ನ ರಿಸ್ಕ್’ ಎನ್ನುವ ಶೂರರು ಈ ಜೀವಗಳನ್ನು ಯಾರ ಲೆಕ್ಕಕ್ಕೆ ಬರೆಯುತ್ತಾರೆ?

ಆಕ್ಷೇಪಗಳು

ವರ್ಷವರ್ಷ ಸಾವಿರಾರು ಜನ ಕೇದಾರಕಂಠ ಹತ್ತಿ ಇಳಿದಿಲ್ಲವೇ ಎಂಬುದು ಮೊದಲ ಆಕ್ಷೇಪ. ಇಳಿದಿದ್ದಾರೆ. ಬೆಟ್ಟ ತಪ್ಪು ಉತ್ತರಕ್ಕೂ ಪೂರ್ಣ ಅಂಕ ಕೊಡುವ ಮೇಷ್ಟ್ರು. ಮಧ್ಯಾಹ್ನ ಎರಡಕ್ಕೆ ದಾಟಬಾರದ ಇಳಿಜಾರನ್ನು ದಾಟಿದವರಿಗೆ, ‘ಇವತ್ತು ಕೂದಲೆಳೆಯಲ್ಲಿ ತಪ್ಪಿತು’ ಎಂದು ಇಳಿಜಾರು ಚೀಟಿ ಕೊಡುವುದಿಲ್ಲ. ಅವರು ಬಂದು ‘ಏನೂ ಕಷ್ಟವಿಲ್ಲ, ಆರಾಮ’ ಎಂದು ಬರೆಯುತ್ತಾರೆ, ಮುಂದಿನವರು ಅದನ್ನು ಓದಿ ಹೊರಡುತ್ತಾರೆ. ಹೀಗೆ ಸಂಗ್ರಹವಾದ ಅನುಭವ ಅದೃಷ್ಟದ ದಾಖಲೆಯೇ ಹೊರತು ಸುರಕ್ಷತೆಯದ್ದಲ್ಲ.

ಅಪಾಯವಿಲ್ಲದಿದ್ದರೆ ಸಾಹಸವೇನು ಬಂತು ಎಂಬುದು ಎರಡನೆಯದು. ಒಪ್ಪತಕ್ಕ ಮಾತೇ. ಆದರೆ ಸಾಹಸಿ ತಾನು ಹೊರುತ್ತಿರುವ ಅಪಾಯವನ್ನು ಬಲ್ಲವನು. ಪರ್ವತಾರೋಹಣ ಕಲಿತವರು ಶಿಖರದ ಬುಡದಲ್ಲಿ ದಿನಗಟ್ಟಲೆ ಕಾಯುತ್ತಾರೆ, ಹವೆ ತೆರೆಯದಿದ್ದರೆ ತಿರುಗುತ್ತಾರೆ. ಆಲ್ಪ್ಸ್‌ನಲ್ಲಿ ಹಿಮದ ಇಳಿಜಾರಿಗೆ ಹೋಗುವವರು ಬೆಳಗ್ಗೆ ಹಿಮಕುಸಿತದ ವರದಿ ಓದಿಯೇ ಹೊರಡುತ್ತಾರೆ, ಹೂತವರನ್ನು ಪತ್ತೆಹಚ್ಚುವ ಟ್ರಾನ್ಸೀವರ್, ಉದ್ದನೆಯ ಪ್ರೋಬ್ ಕೋಲು, ಸಲಿಕೆ ಒಯ್ಯುತ್ತಾರೆ. ಯಾಕೆಂದರೆ ಹಿಮದಡಿ ಹೂತವರು ಬದುಕುವ ಸಾಧ್ಯತೆ ಮೊದಲ ಹತ್ತು ಹದಿನೈದು ನಿಮಿಷಗಳ ನಂತರ ಜರ್ರನೆ ಇಳಿಯುತ್ತದೆ, ಅಷ್ಟರಲ್ಲಿ ಯಾವ ಹೆಲಿಕಾಪ್ಟರೂ ಬರುವುದಿಲ್ಲ, ಪಕ್ಕದಲ್ಲಿದ್ದವರೇ ತೆಗೆಯಬೇಕು. ಇಲ್ಲಿನ ‘ಸುಲಭ’ ಚಾರಣಗಳಲ್ಲಿ ಆ ಮೂರು ವಸ್ತುಗಳು ಕಾಣಸಿಗುವುದು ಅಪರೂಪ. ಅಪಾಯವನ್ನು ಅಡಗಿಸಿಟ್ಟು ಕರೆದೊಯ್ಯುವುದಕ್ಕೆ ಸಾಹಸ ಎನ್ನುವುದಿಲ್ಲ.

ಮೂರನೆಯ ಆಕ್ಷೇಪಕ್ಕೆ ತೂಕವಿದೆ: ನಿಯಮ ಬಿಗಿಯಾದರೆ ಬೆಟ್ಟದ ಹಳ್ಳಿಗಳ ಅನ್ನ ಹೋಗುತ್ತದೆ. ನಿಜ, ಹಾದಿಗಳನ್ನು ಸಾರಾಸಗಟು ಮುಚ್ಚಿದರೆ ಹೋಗುತ್ತದೆ. ಸರ್ಕಾರಗಳಿಗೆ ಗೊತ್ತಿರುವುದು ಹೆಚ್ಚಾಗಿ ಅದೊಂದೇ. 2018ರಲ್ಲಿ ಉತ್ತರಾಖಂಡ ಹೈಕೋರ್ಟು ಬುಗ್ಯಾಲ್ ಎಂಬ ಎತ್ತರದ ಹುಲ್ಲುಗಾವಲುಗಳಲ್ಲಿ ರಾತ್ರಿ ತಂಗುವುದನ್ನು ನಿಷೇಧಿಸಿತು, ಹುಲ್ಲು ಉಳಿಯಲೆಂದು. 2024ರ ಜನವರಿಯಲ್ಲಿ ಕುಮಾರಪರ್ವತದಲ್ಲಿ ಜಾತ್ರೆಯಂತೆ ಜನ ಸೇರಿದ ಮೇಲೆ ಕರ್ನಾಟಕದ ಅರಣ್ಯ ಇಲಾಖೆ ಆನ್‌ಲೈನ್ ಬುಕಿಂಗ್ ಇಲ್ಲದ ಚಾರಣಗಳನ್ನು ತಡೆಯಿತು, ಜನಸಂಖ್ಯೆ ಹತೋಟಿಗೆ ಬರಲೆಂದು. ಎರಡಕ್ಕೂ ಕಾರಣವಿತ್ತು. ಆದರೆ ತಲೆ ಎಣಿಸುವ ನಿಯಮ ಹಿಮದ ಸ್ಥಿತಿಯನ್ನು ನೋಡುವುದಿಲ್ಲ. ಅದಕ್ಕಿಂತ, ಹವೆಯ ಎಚ್ಚರಿಕೆ ಬಂದಾಗ ಧರ್ಮಶಾಲಾದ ಮೇಲಿನ ತ್ರಿಯುಂಡ್ ಹಾದಿಯನ್ನು ಕಾಂಗ್ರಾ ಜಿಲ್ಲಾಡಳಿತ ಮುಚ್ಚುವ ಕ್ರಮವೇ ಹೆಚ್ಚು ವಿವೇಕದ್ದು. ಅಪಾಯವಿದ್ದಾಗ ಮುಚ್ಚು, ಕಳೆದ ಮೇಲೆ ತೆರೆ. ಹಳ್ಳಿಯ ಅನ್ನವೂ ಉಳಿಯುತ್ತದೆ. ಅದನ್ನು ನಿಜವಾಗಿ ಕಸಿಯುವುದು ಒಂದು ದೊಡ್ಡ ದುರಂತ, ಅದರ ಬೆನ್ನಿಗೆ ಬರುವ ಗಾಬರಿಯ ನಿಷೇಧ.

ದೇವರನ್ನೇ ಕೆಳಗಿಳಿಸುವ ಜನ

ಕಾಯುವುದು ಹೇಡಿತನ ಎಂದುಕೊಂಡವರು ಗಢವಾಲದ ರೂಢಿಯನ್ನು ನೋಡಬೇಕು. ದೀಪಾವಳಿಯ ಬೆನ್ನಿಗೆ ಬರುವ ಯಮದ್ವಿತೀಯದಂದು ಕೇದಾರನಾಥದ ಬಾಗಿಲು ಮುಚ್ಚಿ, ಉತ್ಸವಮೂರ್ತಿಯನ್ನು ಪಲ್ಲಕ್ಕಿಯಲ್ಲಿ ಊಖೀಮಠಕ್ಕೆ ಇಳಿಸುತ್ತಾರೆ. ತುಂಗನಾಥನನ್ನು ಮಕ್ಕೂಮಠಕ್ಕೆ ತರುತ್ತಾರೆ. ಚಳಿಗಾಲದ ಪೂಜೆ ಅಲ್ಲಿಯೇ. ಮತ್ತೆ ಬಾಗಿಲು ತೆರೆಯುವ ದಿನವನ್ನು ಶಿವರಾತ್ರಿಯಂದು ಊಖೀಮಠದಲ್ಲಿ ಸಾರುತ್ತಾರೆ, ಆ ದಿನ ಬರುವುದು ಸಾಮಾನ್ಯವಾಗಿ ಏಪ್ರಿಲ್ ಕೊನೆ ಅಥವಾ ಮೇ ತಿಂಗಳಲ್ಲಿ. ಊಖೀಮಠ ಕನ್ನಡಿಗರಿಗೆ ಪರಕೀಯವಲ್ಲ. ಬಾಳೆಹೊನ್ನೂರು, ಉಜ್ಜಯಿನಿಗಳಂತೆ ಅದೂ ವೀರಶೈವ ಪಂಚಪೀಠಗಳಲ್ಲಿ ಒಂದು. ಕೇದಾರದ ರಾವಲರು ಬರುವುದು ಆ ಪರಂಪರೆಯಿಂದ, ಕರ್ನಾಟಕದೊಂದಿಗೆ ಅದಕ್ಕೆ ಹಳೆಯ ನಂಟು.

ಇದನ್ನು ಹೇಳಿ ಹಳೆಯದೆಲ್ಲ ಶ್ರೇಷ್ಠ ಎಂದು ಸಾಧಿಸಬೇಕಾಗಿಲ್ಲ. ಬಾಗಿಲು ತೆರೆಯುವ ದಿನವೂ ಪಂಚಾಂಗದ್ದೇ, ಅದಕ್ಕೆ ಮುಂಚೆ ದಾರಿಯ ಹಿಮ ಕಡಿಯುವುದು ಕೂಲಿಯಾಳುಗಳೇ. ಆದರೂ ಒಂದು ಮಾತು ಉಳಿಯುತ್ತದೆ. ಆ ಬೆಟ್ಟದಲ್ಲಿ ತಲೆಮಾರುಗಳಿಂದ ಬಾಳಿದವರು ಹಿಮದ ತಿಂಗಳುಗಳಲ್ಲಿ ತಮ್ಮ ದೇವರನ್ನೂ ಅಲ್ಲಿ ಬಿಡುವುದಿಲ್ಲ. ದೇವರು ಇಳಿದು ಹೋದ ಗುಡಿಯ ಮುಂದೆ, ಬಾಡಿಗೆ ಜಾಕೆಟ್ಟಿನಲ್ಲಿ, ನಗರದವರು ಮಾರ್ಚಿಯಲ್ಲಿ ಸಾಲುಗಟ್ಟಿ ನಿಂತಿರುತ್ತಾರೆ. ನಿಲ್ಲಬಾರದೆಂದಲ್ಲ. ಯಾವ ಋತುವಿನಲ್ಲಿ ನಿಂತಿದ್ದೇವೆ ಎಂಬುದು ಗೊತ್ತಿರಬೇಕು.

ಬದಲಾಗಬೇಕಾದ್ದು

ಬೇಡಿಕೆಗಳು ದೊಡ್ಡವಲ್ಲ. ಫೆಬ್ರುವರಿಯಿಂದ ಮೇವರೆಗೆ ಹಿಮದ ಹಾದಿಗಳಿಗೆ ‘ಸುಲಭ’ ಎಂಬ ಶಾಶ್ವತ ದರ್ಜೆ ಬೇಡ. ದರ್ಜೆಯನ್ನು ಹೊರಡುವ ವಾರದಲ್ಲಿ, ಆ ವಾರದ ಹಿಮ ನೋಡಿ ಹೇಳಲಿ. ಪ್ರತಿ ಯೋಜನೆಯಲ್ಲೂ ಕಾಯಲು ಒಂದು ಖಾಲಿ ದಿನ ಇರಲಿ, ಅದರ ಟೆಂಟಿನ ಖರ್ಚು ಬೆಲೆಯಲ್ಲೇ ಸೇರಲಿ. ಶಿಖರದ ದಿನ ಯಾವ ಗಂಟೆಗೆ ಎಲ್ಲಿದ್ದರೂ ಹಿಂದಿರುಗಬೇಕು ಎಂಬುದನ್ನು ಬರೆದು ಕೊಡಲಿ. ಹವಾಮಾನ ಇಲಾಖೆಯ ಜಿಲ್ಲಾ ಮುನ್ಸೂಚನೆಯನ್ನೂ ಡಿಜಿಆರ್‌ಇ ಹಿಮಕುಸಿತ ಎಚ್ಚರಿಕೆಯನ್ನೂ ಹಿಂದಿನ ಸಂಜೆ ಎಲ್ಲರ ಮುಂದೆ ಓದಿ ಹೇಳಲಿ. ದೇಶದಲ್ಲಿ ಸ್ಯಾಟಲೈಟ್ ಫೋನನ್ನು ಅನುಮತಿಯಿಲ್ಲದೆ ಇಟ್ಟುಕೊಳ್ಳುವಂತಿಲ್ಲ. ಭದ್ರತೆಯ ಕಾರಣಗಳು ಇರಲಿ, ನೋಂದಾಯಿತ ಗೈಡುಗಳಿಗಾದರೂ ಅಂಥ ಒಂದು ಸಾಧನವನ್ನು ಸುಲಭವಾಗಿ ಸಿಗುವಂತೆ ಮಾಡುವುದು ಸರ್ಕಾರದ ಕೆಲಸ.

ಇವೆಲ್ಲದಕ್ಕೂ ಮುಂಚೆ ಕೊಳ್ಳುವವರ ಕೈಯಲ್ಲಿರುವ ಕೆಲಸವೊಂದಿದೆ, ಅದಕ್ಕೆ ಯಾವ ಕಾನೂನೂ ಬೇಡ. ದುಡ್ಡು ಕಟ್ಟುವ ಮುಂಚೆ ಫೋನಿನಲ್ಲಿ ಕೇಳಬೇಕು: ಕಳೆದ ಋತುವಿನಲ್ಲಿ ನಿಮ್ಮ ಎಷ್ಟು ತಂಡಗಳು ಶಿಖರ ಮುಟ್ಟದೆ ತಿರುಗಿ ಬಂದವು? ‘ಒಂದೂ ಇಲ್ಲ, ಎಲ್ಲರನ್ನೂ ಮುಟ್ಟಿಸಿದ್ದೇವೆ’ ಎಂದು ಹೆಮ್ಮೆಯಿಂದ ಹೇಳಿದರೆ ಅಲ್ಲಿಗೆ ಮಾತು ಮುಗಿಸಬೇಕು. ‘ಇಷ್ಟು ತಂಡಗಳು ತಿರುಗಿದವು, ಕಾರಣ ಇದು’ ಎಂದು ಲೆಕ್ಕ ಕೊಟ್ಟವರ ಜೊತೆ ಹೋಗಬೇಕು. ಅವರ ಗೈಡು ಬೆಳಗಿನ ನಾಲ್ಕಕ್ಕೆ ‘ಇವತ್ತು ಬೇಡ’ ಎಂದರೆ, ಚಹಾ ಕುಡಿದು ಮತ್ತೆ ಮಲಗಬೇಕು. ಊರಿಗೆ ಬಂದ ಮೇಲೆ ಆ ಹುಡುಗನ ಹೆಸರು ಬರೆದು ಐದು ನಕ್ಷತ್ರ ಕೊಡಬೇಕು. ಮುಂದಿನ ಮಾರ್ಚಿಯಲ್ಲಿ ಅವನು ಇನ್ನೊಂದು ತಂಡಕ್ಕೆ ಅದೇ ಮಾತನ್ನು ಅಳುಕಿಲ್ಲದೆ ಹೇಳಲು ಅಷ್ಟು ಸಾಕು.